ಕೌಂಟಿಗೊಂದು ದರ: ಅಮೆರಿಕದ ರೈತರಿಗೆ ಸುಂಕ ಸಮರದ ಪರಿಹಾರ ಸಿಕ್ಕಿದ್ದು ಹೇಗೆ?

2018ರ ಜುಲೈ 6ರಂದು ಚೀನಾ ಅಮೆರಿಕದ ಸೋಯಾ ಅವರೆಯ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹೇರಿತು. ಚೀನಾದ ಸರಕಿಗೆ ಅಮೆರಿಕ ಹಾಕಿದ ಸುಂಕಕ್ಕೆ ಅದು ಕೊಟ್ಟ ಉತ್ತರವಿದು. ಅಮೆರಿಕದಿಂದ ರಫ್ತಾಗುತ್ತಿದ್ದ ಸೋಯಾದಲ್ಲಿ ಅರ್ಧಕ್ಕೂ ಹೆಚ್ಚು ಚೀನಾಕ್ಕೇ ಹೋಗುತ್ತಿದ್ದುದರಿಂದ ಬೆಲೆ ಕುಸಿಯಿತು. ಅದೇ ತಿಂಗಳು ಅಮೆರಿಕದ ಕೃಷಿ ಇಲಾಖೆ 1,200 ಕೋಟಿ ಡಾಲರ್‌ವರೆಗಿನ ನೆರವು ಘೋಷಿಸಿತು. ಅದರ ಮುಖ್ಯ ಭಾಗ ರೈತರಿಗೆ ನೇರವಾಗಿ ಹಣ ಕೊಡುವ ಎಂಎಫ್‌ಪಿ (ಮಾರ್ಕೆಟ್ ಫೆಸಿಲಿಟೇಷನ್ ಪ್ರೋಗ್ರಾಂ) ಯೋಜನೆ.

ಮೊದಲ ವರ್ಷ: ಬೆಳೆದಷ್ಟಕ್ಕೆ ಹಣ

2018ರಲ್ಲಿ ಬೆಳೆಗೊಂದು ದರವಿತ್ತು. ಸೋಯಾಕ್ಕೆ ಬುಷೆಲ್‌ಗೆ (ಸುಮಾರು 27 ಕೆ.ಜಿ.) 1.65 ಡಾಲರ್, ಗೋಧಿಗೆ 14 ಸೆಂಟ್, ಮೆಕ್ಕೆಜೋಳಕ್ಕೆ ಬರೀ 1 ಸೆಂಟ್. ನೂರು ಎಕರೆಯಲ್ಲಿ ಎಕರೆಗೆ 50 ಬುಷೆಲ್‌ನಂತೆ ಸೋಯಾ ತೆಗೆದವನಿಗೆ 8,250 ಡಾಲರ್ ಬಂದರೆ, ಅಷ್ಟೇ ನೆಲದಲ್ಲಿ ಎಕರೆಗೆ 180 ಬುಷೆಲ್ ಮೆಕ್ಕೆಜೋಳ ತೆಗೆದವನಿಗೆ ಸಿಕ್ಕಿದ್ದು 180 ಡಾಲರ್. ಮೆಕ್ಕೆಜೋಳದ ರೈತರು ಸಿಟ್ಟಾದರು.

ಎರಡನೇ ವರ್ಷ: ನೆಲ ಇರುವ ಜಾಗಕ್ಕೆ ಹಣ

ಮತ್ತೆ ಬೆಳೆವಾರು ದರ ಪ್ರಕಟಿಸಿದ್ದರೆ ಪರಿಹಾರದ ಆಸೆಗೆ ಎಲ್ಲರೂ ಒಂದೇ ಬೆಳೆ ಬಿತ್ತುವ ಅಪಾಯವಿತ್ತು. ಹಾಗಾಗಿ 2019ರಲ್ಲಿ ಧಾನ್ಯ, ಎಣ್ಣೆಕಾಳು, ಹತ್ತಿಯಂಥ ಬೆಳೆಗಳಿಗೆ ಕೌಂಟಿಗೊಂದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ದರ ಬಂತು: ಎಕರೆಗೆ ಕನಿಷ್ಠ 15, ಗರಿಷ್ಠ 150 ಡಾಲರ್.

ಕೌಂಟಿಯಲ್ಲಿ ಹಿಂದಿನ ವರ್ಷಗಳಲ್ಲಿ ಯಾವ ಬೆಳೆ ಎಷ್ಟು ಎಕರೆಯಲ್ಲಿತ್ತು, ಇಳುವರಿ ಎಷ್ಟು ಎಂದು ನೋಡಿ, ಪ್ರತಿ ಬೆಳೆಗೆ ಅಂದಾಜಿಸಿದ ಹಾನಿಯಿಂದ ಗುಣಿಸಿ, ಬಂದ ಮೊತ್ತವನ್ನು ಎಕರೆಗಳಿಗೆ ಹಂಚಿ ಈ ದರ ಕಟ್ಟಿದರು. ಸೋಯಾ, ಹತ್ತಿ ಹೆಚ್ಚಿದ್ದ ಕೌಂಟಿಗೆ ದರ ಏರಿತು. ಅಂಥ ಕಡೆ ಬರೀ ಮೆಕ್ಕೆಜೋಳ ಬಿತ್ತಿದವನಿಗೂ ಅದೇ ದರ. ಕೌಂಟಿಯ ಗಡಿಯಾಚೆಯ ಹೊಲದಲ್ಲಿ ಅದೇ ಬೆಳೆ ಬೆಳೆದವನಿಗೆ ಬೇರೆ ದರ. ದಕ್ಷಿಣದ ಹತ್ತಿ ಕೌಂಟಿಗಳಿಗೆ ಹೆಚ್ಚು ಹೋಯಿತೆಂಬ ದೂರು ಎದ್ದದ್ದು ಈ ಲೆಕ್ಕದಿಂದಲೇ.

ಹಣ ಕೈಗೆ ಬಂದ ದಾರಿ

ರೈತ ಹೋಗಬೇಕಾದದ್ದು ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯ ಸ್ಥಳೀಯ ಕಚೇರಿಗೆ. ಬಿತ್ತನೆಯ ವಿಸ್ತೀರ್ಣವನ್ನು ಅಲ್ಲಿ ದಾಖಲಿಸಿ ಅರ್ಜಿ ಕೊಡಬೇಕಿತ್ತು. 2019ರ ಆಗಸ್ಟ್ 1ರೊಳಗೆ ಬಿತ್ತಿರಬೇಕಿತ್ತು. 2018ರಲ್ಲಿ ಬಿತ್ತಿದ್ದಕ್ಕಿಂತ ಹೆಚ್ಚಿನ ಎಕರೆಗೆ ಹಣವಿರಲಿಲ್ಲ. ಬೆಳೆಯಲ್ಲಿ ಪಾಲಿದ್ದವರಷ್ಟೇ ಅರ್ಹರಾಗಿದ್ದರು: ಪಾಲಿಗೆ ಕೊಟ್ಟ ಜಮೀನುದಾರನಿಗೆ ಅವನ ಭಾಗ ಸಿಗುತ್ತಿತ್ತು, ನಗದು ಗುತ್ತಿಗೆಗೆ ಕೊಟ್ಟವನಿಗೆ ಏನೂ ಇರಲಿಲ್ಲ.

ದರ 60 ಡಾಲರ್ ಇದ್ದ ಕೌಂಟಿಯಲ್ಲಿ 500 ಎಕರೆ ಬಿತ್ತಿದವನ ಲೆಕ್ಕ ಹೀಗೆ: ಒಟ್ಟು 30,000 ಡಾಲರ್. ಮೊದಲ ಕಂತಿನಲ್ಲಿ ಅರ್ಧ, ಅಂದರೆ 15,000. ಆಮೇಲೆ 7,500ರ ಎರಡು ಕಂತು. ಈ ಬೆಳೆಗಳಿಗೆ ಒಬ್ಬ ವ್ಯಕ್ತಿಗೆ ಮಿತಿ 2.5 ಲಕ್ಷ ಡಾಲರ್ ಇತ್ತು. ಬಂದ ಹಣಕ್ಕೆ ಆದಾಯ ತೆರಿಗೆಯೂ ಇತ್ತು. ಹೈನುಗಾರರಿಗೆ ಹಾಲಿನ ಲೆಕ್ಕದಲ್ಲಿ, ಹಂದಿ ಸಾಕುವವರಿಗೆ ತಲೆಗೆ 11 ಡಾಲರ್‌ನಂತೆ ಬೇರೆ ದರವಿತ್ತು.

ಖಜಾನೆ ಯಾವುದು?

ಎರಡೂ ವರ್ಷ ಸೇರಿ ಸುಮಾರು 2,300 ಕೋಟಿ ಡಾಲರ್ ಹೋಯಿತು. ಇದಕ್ಕೆ ಸಂಸತ್ತು ಹೊಸ ಕಾಯ್ದೆ ಮಾಡಲಿಲ್ಲ. 1933ರಲ್ಲಿ ಹುಟ್ಟಿದ ಸರಕು ಸಾಲ ನಿಗಮಕ್ಕೆ ಖಜಾನೆಯಿಂದ 3,000 ಕೋಟಿ ಡಾಲರ್‌ವರೆಗೆ ಸಾಲ ಎತ್ತುವ ಅಧಿಕಾರವಿದೆ. ಇಲಾಖೆ ಅದನ್ನೇ ಬಳಸಿತು. ಹಣ ಬೇಗ ತಲುಪಿದ್ದಕ್ಕೂ, ಮುಂದಿನ ವರ್ಷ ಬರುತ್ತದೋ ಇಲ್ಲವೋ ಎಂದು ರೈತ ಕಾಯಬೇಕಾದದ್ದಕ್ಕೂ ಕಾರಣ ಇದೇ: ಸಂಸತ್ತಿನ ಕಾಯ್ದೆ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಮತ್ತೆ 1,200 ಕೋಟಿ ಡಾಲರ್ ನೆರವು ಘೋಷಣೆಯಾದಾಗ ಕೌಂಟಿ ದರ ಇರಲಿಲ್ಲ. ದೇಶಕ್ಕೆಲ್ಲ ಒಂದೇ ದರ, ಬೆಳೆವಾರು, ಎಕರೆಗಿಷ್ಟು.