ಅಸಮತೋಲನ ಅಂದ್ರೆ ಏರುಪೇರಲ್ಲ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಬಸ್ ಹತ್ತಿದ್ವಿ. ಸೀಟ್ ಸಿಗದೆ ನಿಂತಿದ್ದ ನಮ್ಮಲ್ಲೊಬ್ಬ ತಿರುವಿನಲ್ಲಿ ಜೋಲಿ ಹೊಡೆದ. "ಆಯ ತಪ್ಪಿ ಬಿದ್ದೀಯ ಮಗ, ಕಂಬಿ ಹಿಡ್ಕೊ" ಅಂದ್ರು ಪಕ್ಕದ ಅಜ್ಜಿ. ಲ್ಯಾಬಲ್ಲಿ ನಾವು 'ಇಂಬ್ಯಾಲೆನ್ಸ್' ಅಂತೀವಿ, ಪತ್ರಿಕೆಗಳು 'ಅಸಮತೋಲನ' ಅಂತ ಬರೀತವೆ. ಅಜ್ಜಿಗೆ ಎರಡಕ್ಷರದ 'ಆಯ' ಸಾಕಾಯ್ತು!

ಅಸಮತೋಲನವನ್ನು ಬಿಡಿಸಿದರೆ ಅ, ಸಮ, ತೋಲನ. ತೋಲನ ಅಂದ್ರೆ ತೂಗುವುದು. ತುಲೆ, ತುಲಾಭಾರ ಎಲ್ಲ ಅದೇ ಸಂಸ್ಕೃತ ಧಾತುವಿನವು. ಇಂಗ್ಲಿಷಿನ 'ಬ್ಯಾಲೆನ್ಸ್' ಕೂಡ ಮೂಲದಲ್ಲಿ ಎರಡು ತಟ್ಟೆಯ ತಕ್ಕಡಿಯೇ. ಅಂದ್ರೆ ಈ ಪದ ಬಳಸೋಕೆ ಕನಿಷ್ಠ ಎರಡು ತಟ್ಟೆ ಇರಬೇಕು. ಹಾಸ್ಟೆಲ್‌ನ ವೋಲ್ಟೇಜ್ ಒಮ್ಮೆ ಏರಿ ಒಮ್ಮೆ ಇಳಿದರೆ ಅದು ಏರುಪೇರು. ಮೂರು ಫೇಸ್‌ಗಳಲ್ಲಿ ಒಂದಕ್ಕೇ ಎಲ್ಲ ಗೀಸರ್ ಹಾಕಿದರೆ ಅದು ಅಸಮತೋಲನ. ಲೋಡ್ ಸಮ ಇದ್ದಾಗ ಮೂರೂ ಕರೆಂಟ್ ಕೂಡಿ ಸೊನ್ನೆಯಾಗುತ್ತೆ. ಇಲ್ಲದಿದ್ರೆ ಉಳಿಕೆ ನ್ಯೂಟ್ರಲ್‌ನಲ್ಲಿ ಹರಿಯುತ್ತೆ. ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಪದ ಬರೆದವರು ನಾವೇ.

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸುಮಾರು 42 ಅಡಿಯ ಕಲ್ಲುಕಂಬವಿದೆ. ತನ್ನ ಭಾರದ ಮೇಲೇ ನಿಂತಿದೆ ಅಂತಾರೆ. ಬುಡ ಒಂದು ಕಡೆ ಜಗಲಿಗೆ ತಾಗಲ್ಲ, ಸಂದಿಯಲ್ಲಿ ಕಾಗದ ತೂರಿಸಬಹುದು ಅಂತ ತೋರಿಸ್ತಾರೆ. ಬುಡ ಸಮ ಇಲ್ಲ, ಆದ್ರೂ ಅಸಮತೋಲನ ಅನ್ನೋ ಹಾಗಿಲ್ಲ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಗೆರೆ ಆಧಾರದೊಳಗೇ ಬೀಳುವ ತನಕ ಕಂಬ ಉರುಳಲ್ಲ. ಬಸ್ಸಲ್ಲಿ ನಮ್ಮ ಗೆಳೆಯನ ಗೆರೆ ಪಾದದಿಂದ ಆಚೆ ಹೋಗಿತ್ತು, ಅಷ್ಟೇ.

ಕರ್ನಾಟಕದಲ್ಲಿ ಈ ಪದ ಹೆಚ್ಚು ಕೇಳೋದು 'ಪ್ರಾದೇಶಿಕ' ಅನ್ನೋದರ ಜೊತೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳಿತು. ಅದರಲ್ಲೂ 39 ಅತ್ಯಂತ ಹಿಂದುಳಿದವು. ಇಲ್ಲಿ ಪದ ಸರಿಯಾಗಿದೆಯಾ? ನಮ್ಮೊಳಗೇ ಜಗಳ ಆಯ್ತು. ಅರಸೀಕೆರೆ, ಬೇಲೂರು ಎರಡೂ ಹಾಸನ ಜಿಲ್ಲೆಯವೇ. ಒಂದು ಬಯಲುಸೀಮೆ, ಇನ್ನೊಂದು ಮಲೆನಾಡಿನ ಅಂಚು. ಮಳೆ ಒಂದು ಕಡೆ ಕಮ್ಮಿ ಬಿದ್ರೆ ಅದನ್ನ ವ್ಯತ್ಯಾಸ ಅನ್ನೋಣ, ಮೋಡ ಯಾರಿಗೂ ತೂಗಿ ಕೊಡಲ್ಲ. ಶಾಲೆ, ಆಸ್ಪತ್ರೆ, ನಾಲೆಯ ನೀರು ಹಾಗಲ್ಲ. ಅವನ್ನ ಹಂಚೋ ಕೈಗಳಿವೆ, ತಟ್ಟೆಗಳಿವೆ. ಸಮಿತಿ ತೂಗಿದ್ದು ಆ ಹಂಚಿಕೆಯನ್ನ, ಹಾಗಾಗಿ ಪದ ಸರಿ ಅಂತ ಹಳೇಬೀಡಿನ ಕೆರೆ ಏರಿ ಮೇಲೆ ಕೂತು ಒಪ್ಪಿಕೊಂಡ್ವಿ.