ಶಿಶುವಿನ ಬಲಗೈ, ಎಡಗೈ

ಪುತ್ತೂರು, ಸುಳ್ಯ, ಕಡಬ ಸೀಮೆಯ ಮನೆಗಳಲ್ಲಿ ಬಾಳೆಯೆಲೆಯ ಮುಂದೆ ಕುಳಿತ ಮಗುವು ಅನ್ನಕ್ಕೆ ಎಡಗೈಯನ್ನು ನೀಡಿತೆಂದರೆ ಹಿರಿಯರ ಹುಬ್ಬು ಗಂಟಿಕ್ಕುವುದು. ಪ್ರಸಾದ, ದಾನ, ಭೋಜನಗಳೆಲ್ಲ ಬಲಗೈಯಿಂದಲೇ ನಡೆಯಬೇಕೆಂಬುದು ನಮ್ಮ ರೂಢಿಯಷ್ಟೆ. ಆದುದರಿಂದ ‘ಎಡಚ’ನೆನ್ನಿಸಿಕೊಳ್ಳುವ ಮಗುವನ್ನು ಗದರಿಸಿ ತಿದ್ದಬೇಕೇ, ಅದರ ಪಾಡಿಗೆ ಬಿಡಬೇಕೇ ಎಂಬುದು ಗೃಹಸ್ಥರಿಗೆ ಸಣ್ಣ ಪ್ರಶ್ನೆಯಲ್ಲ. ಉತ್ತರ ಹೇಳುವ ಮುನ್ನ ಈ ಒಲವು ಹೇಗೆ ಮೂಡುವುದೆಂಬುದನ್ನು ನಾವು ವಿಚಾರಿಸೋಣ.

ಇದರ ಮೂಲವು ಗರ್ಭದಲ್ಲಿಯೇ ಇರುವಂತೆ ತೋರುತ್ತದೆ. ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಎಂಬ ಪಂಡಿತರೂ ಅವರ ಸಹಕಾರಿಗಳೂ, ಗರ್ಭದಲ್ಲಿ ಹೆಬ್ಬೆರಳನ್ನು ಚೀಪುತ್ತಿದ್ದುದು ಸ್ಕ್ಯಾನಿಂಗಿನಲ್ಲಿ ಕಂಡಿದ್ದ 75 ಶಿಶುಗಳನ್ನು ಹತ್ತು ಹನ್ನೆರಡರ ಪ್ರಾಯದಲ್ಲಿ ಪುನಃ ಪರೀಕ್ಷಿಸಿ, 2005ರಲ್ಲಿ ಫಲವನ್ನು ಪ್ರಕಟಿಸಿದರು. ಬಲ ಹೆಬ್ಬೆರಳನ್ನು ಚೀಪಿದ್ದ 60 ಮಂದಿಯೂ ಬಲಗೈಯವರೇ ಆಗಿದ್ದರು. ಎಡ ಹೆಬ್ಬೆರಳಿನ 15 ಮಂದಿಯಲ್ಲಿ 10 ಮಂದಿ ಎಡಗೈಯವರೂ 5 ಮಂದಿ ಬಲಗೈಯವರೂ ಆಗಿದ್ದರು.

ಹಾಗೆಂದು ಹುಟ್ಟಿದೊಡನೆ ಎಲ್ಲವೂ ನಿಶ್ಚಯವಾಗಿರುವುದೆಂದು ತಿಳಿಯಲಾಗದು. ನಾಲ್ಕೈದು ತಿಂಗಳಲ್ಲಿ ಮಗುವು ಗಿಲಿಕೆಗೆ ಕೈಚಾಚತೊಡಗುವುದು. ಇಂದು ಬಲಗೈ, ನಾಳೆ ಎಡಗೈ, ಕೆಲವೊಮ್ಮೆ ಎರಡೂ. ಒಂಬತ್ತು ಹತ್ತು ತಿಂಗಳಲ್ಲಿ ಹೆಬ್ಬೆರಳು ತೋರುಬೆರಳುಗಳಿಂದ ನೆಲದ ಮೇಲಿನ ಅವಲಕ್ಕಿಯ ಕಾಳನ್ನು ಹೆಕ್ಕಲು ಕಲಿಯುವಾಗಲೂ ಈ ಚಂಚಲತೆ ಪೂರ್ತಿ ಹೋಗಿರುವುದಿಲ್ಲ. ಅಮೆರಿಕದ ಗೆಸೆಲ್ ಮತ್ತು ಏಮ್ಸ್ ಎಂಬವರು 1947ರಲ್ಲಿಯೇ ಈ ಹೊರಳಾಟವನ್ನು ವಿವರಿಸಿದ್ದರು. ಎರಡರಿಂದ ನಾಲ್ಕರ ಪ್ರಾಯದೊಳಗೆ ಹೆಚ್ಚಿನ ಮಕ್ಕಳಲ್ಲಿ ಒಲವು ಸ್ಪಷ್ಟವಾಗುವುದು. ಪ್ರಪಂಚದಲ್ಲಿ ಹತ್ತು ಮಂದಿಗೆ ಸುಮಾರು ಒಬ್ಬರು ಎಡಗೈಯವರು. ಇದರಲ್ಲಿ ವಂಶದ ಪಾಲೂ ಉಂಟು. ಆದರೆ ಎಡಗೈಯವರಲ್ಲಿ ಹೆಚ್ಚಿನವರ ತಂದೆತಾಯಿಗಳಿಬ್ಬರೂ ಬಲಗೈಯವರೇ. ಆದಕಾರಣ ‘ಇದು ಯಾರ ಕಡೆಯಿಂದ ಬಂತು?’ ಎಂದು ಸೊಸೆಯ ತವರನ್ನು ದೂರುವುದು ಸಲ್ಲದು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ವರ್ಷ ತುಂಬುವ ಮೊದಲೇ ಮಗುವು ಯಾವಾಗಲೂ ಒಂದೇ ಕೈಯನ್ನು ಬಳಸಿ, ಇನ್ನೊಂದನ್ನು ಮುಷ್ಟಿಕಟ್ಟಿಯೋ ಜೋಲುಬಿಟ್ಟೋ ಇರಿಸಿದರೆ ಅದನ್ನು ಒಲವೆಂದು ಬಗೆಯಬಾರದು. ಆ ಕೈಯ ಬಲಹೀನತೆಗೆ ಮೆದುಳಿನ ಅಥವಾ ನರಗಳ ದೋಷವು ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಮಿಕ್ಕಂತೆ ಗಾಬರಿಗೆ ಎಡೆಯಿಲ್ಲ. ಊಟಕ್ಕೆ ಬಲಗೈಯೇ ಬೇಕೆನ್ನುವವರು ಅದನ್ನು ಮೆಲ್ಲಗೆ, ಮುದ್ದಿನಿಂದ ಕಲಿಸಬಹುದು. ಆದರೆ ಬಳಪವನ್ನು ಮಗುವು ತನಗೆ ಒಗ್ಗಿದ ಕೈಯಲ್ಲಿಯೇ ಹಿಡಿಯಲಿ. ಬೆತ್ತದಿಂದ ಅಕ್ಷರವು ದುಂಡಾಗದು. ಮುಂದೆ ತೋಟದಲ್ಲಿ ಕತ್ತಿ ಹಿಡಿಯುವ ಪ್ರಾಯ ಬಂದಾಗಲೂ ಹಾಗೆಯೇ: ಒಗ್ಗದ ಕೈಗೆ ಕತ್ತಿಯನ್ನು ಕೊಟ್ಟರೆ ಅಪಾಯವು ಬೆರಳಿಗೆ.