ಕೂರುವುದೂ ತಿರುಗುವುದೂ: ಹದಿಹರೆಯದವರ ಅಂಗಸಾಧನೆಯಲ್ಲಿ ಗಂಡುಹೆಣ್ಣಿನ ಭೇದ

“ಕೂತು ಕೆಟ್ಟ ಗಂಡು, ತಿರುಗಿ ಕೆಟ್ಟಳು ಹೆಣ್ಣು” ಎಂಬ ಗಾದೆಯು ಕನ್ನಡನಾಡಿನಲ್ಲಿ ಎಲ್ಲರಿಗೂ ಪರಿಚಿತವಾದುದು. ಇದನ್ನು ನಡತೆಯ ನೀತಿಯೆಂದು ವ್ಯಾಖ್ಯಾನಿಸುವುದು ವಾಡಿಕೆ. ಆದರೆ ಗಾದೆಯ ಮಾತು ದೇಹಕ್ಕೆ ಸಂಬಂಧಿಸಿದುದು: ಕೂರುವುದು ಗಂಡಿಗೆ ದೋಷ, ತಿರುಗುವುದು ಹೆಣ್ಣಿಗೆ ದೋಷ. ಈ ಎರಡು ವಿಧಿಗಳ ನಡುವೆ ಬೆಳೆಯುವ ಹದಿಹರೆಯದ ಮಕ್ಕಳ ದೇಹಕ್ಕೆ ಯಾವ ಫಲ ಒದಗುವುದೆಂಬುದು ವಿಚಾರಾರ್ಹ. ಈಚಿನ ಗಣನೆಗಳು ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿವೆ.

ಮೊದಲು ಅಳತೆಯನ್ನು ತಿಳಿಯಬೇಕು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ವೇಗಗೊಳ್ಳುವಷ್ಟು ಮೈಯನ್ನು ದುಡಿಸಬೇಕೆಂದೂ, ಸ್ನಾಯುಗಳನ್ನೂ ಎಲುಬುಗಳನ್ನೂ ಬಲಪಡಿಸುವ ಚಟುವಟಿಕೆ ವಾರಕ್ಕೆ ಮೂರು ದಿನವಾದರೂ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಿಧಿಸಿತು. ದಿನಕ್ಕೆ 60 ನಿಮಿಷವೆಂಬ ಅಳತೆಯನ್ನೇ ಹಿಡಿದು 146 ದೇಶ ಪ್ರಾಂತಗಳ 16 ಲಕ್ಷ ಶಾಲಾಬಾಲಕರ ವಿಷಯವನ್ನು ಕಲೆಹಾಕಿದ ಒಂದು ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಅದರಂತೆ 2016ರಲ್ಲಿ 11ರಿಂದ 17 ವಯಸ್ಸಿನ ಹುಡುಗರಲ್ಲಿ ನೂರಕ್ಕೆ 77.6, ಹುಡುಗಿಯರಲ್ಲಿ ನೂರಕ್ಕೆ 84.7 ಮಂದಿ ಈ ಅಳತೆಯನ್ನು ಮುಟ್ಟಿರಲಿಲ್ಲ. 2001ರಲ್ಲಿ ಈ ಅಂಕಿಗಳು ಕ್ರಮವಾಗಿ 80.1 ಮತ್ತು 85.1 ಆಗಿದ್ದುವು. ಎಂದರೆ ಹದಿನೈದು ವರ್ಷಗಳಲ್ಲಿ ಹುಡುಗರು ತುಸು ಸುಧಾರಿಸಿದರು. ಹುಡುಗಿಯರು ಬಹುಮಟ್ಟಿಗೆ ಇದ್ದಲ್ಲಿಯೇ ಇದ್ದರು. ಟೊಂಗಾ, ಸಮೋವ, ಆಫ್ಘಾನಿಸ್ತಾನ, ಜಾಂಬಿಯ ಎಂಬ ನಾಲ್ಕು ದೇಶಗಳನ್ನುಳಿದು ಎಲ್ಲೆಡೆಯೂ ಹಿಂದೆ ಬಿದ್ದವರು ಹುಡುಗಿಯರೇ.

ಭಾರತದ ಅಂಕಿ ಮೇಲ್ನೋಟಕ್ಕೆ ಸಮಾಧಾನಕರವಾಗಿದೆ. ಇಲ್ಲಿಯೂ ನೂರಕ್ಕೆ ಸುಮಾರು 74 ಮಕ್ಕಳು ಅಳತೆಗೆ ಕಡಮೆಯಾಗಿದ್ದರೂ ಇತರ ದೇಶಗಳೊಡನೆ ಹೋಲಿಸಿದರೆ ಅದು ಅಲ್ಪವೇ. ಹುಡುಗರ ವಿಷಯದಲ್ಲಿ ಇದಕ್ಕೆ ಕ್ರಿಕೆಟ್ಟು ಕಾರಣವಿರಬಹುದೆಂದೂ, ಹುಡುಗಿಯರ ವಿಷಯದಲ್ಲಿ ಮನೆಗೆಲಸ ಕಾರಣವಿರಬಹುದೆಂದೂ ಸಂಶೋಧಕರು ಊಹಿಸಿದ್ದಾರೆ. ಒಂದೇ ಅಂಕಿಯೊಳಗೆ ಒಬ್ಬನ ಆಟವೂ ಇನ್ನೊಬ್ಬಳ ದುಡಿಮೆಯೂ ಸೇರಿಹೋಗಿರುವುದನ್ನು ಇಲ್ಲಿ ಗಮನಿಸತಕ್ಕದ್ದು. 2024ರ ರಾಷ್ಟ್ರೀಯ ಸಮಯವಿನಿಯೋಗ ಗಣನೆಯಂತೆ, ಆರು ವರ್ಷ ತುಂಬಿದವರಲ್ಲಿ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಕಳೆಯುತ್ತಿದ್ದರು. ಈ ಕೆಲಸವೆಲ್ಲವೂ ಅಂಗಸಾಧನೆಯಲ್ಲ. ಬಾವಿಯಿಂದ ಕೊಡ ಹೊತ್ತು ತರುವುದು ಮೈಗೆ ಕಸುವು ಕೊಟ್ಟೀತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು ದಣಿವನ್ನು ತರುವುದೇ ಹೊರತು ಓಟದ ಫಲವನ್ನು ತರಲಾರದು. ಹೀಗಾಗಿ ಹುಡುಗಿಯು ದಣಿದೂ ವ್ಯಾಯಾಮವಿಲ್ಲದವಳಾಗಿ ಉಳಿಯುವುದು ಸಾಧ್ಯ.

ಈ ಭೇದವು ಜನಪದದ ಆಟಗಳಲ್ಲಿಯೂ ಕಾಣುವುದು. ಚಿನ್ನಿದಾಂಡು, ಲಗೋರಿ, ಮರಕೋತಿ ಮೊದಲಾದುವಕ್ಕೆ ಬಯಲು ಬೇಕು, ತೋಪು ಬೇಕು. ಅವು ಬಹುಮಟ್ಟಿಗೆ ಗಂಡುಮಕ್ಕಳ ಪಾಲಿಗೆ ಸಂದುವು. ಹೆಣ್ಣುಮಕ್ಕಳ ಆಟಗಳೆನಿಸಿದ ಅಳಿಗುಳಿಮಣೆ, ಕಲ್ಲಾಟಗಳು ಜಗಲಿಯಲ್ಲಿ ಕುಳಿತು ಆಡತಕ್ಕವು. ಕುಂಟೆಬಿಲ್ಲೆಯೊಂದು ಕಾಲಿಗೆ ಕೆಲಸ ಕೊಡುವುದಾದರೂ ಅಂಗಳದ ಗೆರೆಯನ್ನು ದಾಟದು; ಮೈನೆರೆದ ಮೇಲೆ ಅದೂ ನಿಲ್ಲುತ್ತಿದ್ದುದೇ ಹೆಚ್ಚು. ಆದರೆ ಉತ್ತರ ಕರ್ನಾಟಕದಲ್ಲಿ ಶ್ರಾವಣದ ನಾಗಪಂಚಮಿಯಂದು ಮರದ ಕೊಂಬೆಗೆ ಕಟ್ಟಿದ ಜೋಕಾಲಿಯ ಮೇಲೆ ನಿಂತು, ಮೊಣಕಾಲು ಬಾಗಿಸಿ ಮೀಟುತ್ತ ಎತ್ತರಕ್ಕೆ ತೂಗುವ ಹೆಣ್ಣುಮಕ್ಕಳನ್ನು ನೋಡಿದವರು ಅವರ ಶಕ್ತಿಯ ವಿಷಯದಲ್ಲಿ ಸಂದೇಹಪಡಲಾರರು. ಆ ದಿನ ಶಕ್ತಿ ಹೊಸದಾಗಿ ಬಂದುದಲ್ಲ, ಅನುಮತಿ ಬಂದಿತು. ಗಂಡುಹೆಣ್ಣುಗಳ ಮೈಕಟ್ಟಿನಲ್ಲಿ ಸಹಜವಾದ ವ್ಯತ್ಯಾಸವಿರುವುದು ನಿಜ. ಆದರೆ ದಿನಕ್ಕೆ ಒಂದು ಗಂಟೆಯ ಚಲನೆಗೆ ಅದು ಅಡ್ಡಿಯಾಗತಕ್ಕದ್ದಲ್ಲ.

ಇನ್ನು ಕೂರುವುದರ ಮಾತು. ಅದು ಆಟಕ್ಕೆ ಕೇವಲ ವಿರೋಧವಾದುದಲ್ಲ. ಸಂಜೆ ಒಂದು ಗಂಟೆ ಆಡಿದ ಹುಡುಗನೇ ಉಳಿದ ಹೊತ್ತೆಲ್ಲ ಕುಳಿತಿರಬಹುದು. 2023ರ ‘ಅಸರ್’ ವರದಿಗಾಗಿ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ವಿಚಾರಿಸಿದಾಗ, ಸ್ಮಾರ್ಟ್‌ಫೋನು ಬಳಸಬಲ್ಲವರೊಳಗೆ ಸ್ವಂತ ಫೋನುಳ್ಳ ಹುಡುಗರು ನೂರಕ್ಕೆ 43.7, ಹುಡುಗಿಯರು 19.8. ವಿಡಿಯೊ ಆಟಗಳಿಗೆ ಹುಡುಗರೇ ಹೆಚ್ಚು ಹೊತ್ತನ್ನು ಕೊಡುವರೆಂಬುದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ. ಬಯಲಿನ ಹಕ್ಕಿದ್ದವನು ‘ಆಟ’ವೆಂಬ ಹೆಸರಿನಲ್ಲಿಯೇ ಕೂರಲು ಕಲಿತಿದ್ದಾನೆ. ಗಾದೆಯ ಮೊದಲರ್ಧವನ್ನು ಈಗ ಅವನಿಗೆ ನೆನಪಿಸುವುದು ಅನುಚಿತವಲ್ಲ.

ಉತ್ತರಾರ್ಧವಾದರೋ ಹಾನಿಕರವಾದುದು. ಎಲುಬಿನ ಸಾರದ ಬಹುಭಾಗ ಇಪ್ಪತ್ತರೊಳಗೆ ಸಂಗ್ರಹವಾಗುವುದು. ಓಟ ನೆಗೆತಗಳು ಅದನ್ನು ಬಲಪಡಿಸುವುವು. ಮುಟ್ಟು ನಿಂತ ಬಳಿಕ ಹೆಂಗಸರ ಎಲುಬು ಬೇಗ ಸವೆಯುವುದರಿಂದ ಈ ಸಂಗ್ರಹದ ಅಗತ್ಯ ಅವರಿಗೇ ಹೆಚ್ಚು. ಅಂದರೆ ಯಾರಿಗೆ ಚಲನೆ ಹೆಚ್ಚು ಬೇಕೋ ಅವರನ್ನೇ ಸಮಾಜವು ಹೆಚ್ಚು ತಡೆದಿದೆ. ಇದಕ್ಕೆ ಬರಿಯ ಉಪದೇಶ ಸಾಲದು. ಮನೆಗೆಲಸವನ್ನು ಅಣ್ಣತಮ್ಮಂದಿರೂ ಹಂಚಿಕೊಳ್ಳಬೇಕು. ಶಾಲೆಯ ಆಟದ ವೇಳೆಯನ್ನು ಪಾಠಕ್ಕೆ ಕಸಿದುಕೊಳ್ಳಬಾರದು. ಬಯಲಿನಲ್ಲಿ ಹುಡುಗಿಯರಿಗೂ ನಿಯತವಾದ ಪಾಲು, ಹತ್ತಿರದಲ್ಲಿ ಶುಚಿಯಾದ ಶೌಚಗೃಹ ಇರಬೇಕು. ಈ ಗಾದೆಯನ್ನು ತರಗತಿಯಲ್ಲಿ ವಿವರಿಸುವ ಉಪಾಧ್ಯಾಯರು, ಕೂತು ಕೆಡುವುದು ಗಂಡಿಗೆ ಹೇಗೋ ಹೆಣ್ಣಿಗೂ ಹಾಗೆಯೇ ಎಂಬ ತಿದ್ದುಪಡಿಯನ್ನು ಅದರೊಡನೆ ಹೇಳುವುದು ಯುಕ್ತ.